ಜಠರದೊಳಗಿನ ಭಾಗವತಿಕೆ

ಕಾರ್ತಿಕ ಮುಗಿದು ಮಂಜು ಬೀಳಲು ಶುರುವಾದರೆ ವಾಮದಪದವಿನ ಬೆಳಗು ಅಡಿಕೆಯ ವಾಸನೆಯಲ್ಲೇ ಕಣ್ಣು ಬಿಡುತ್ತದೆ. ಡಾಮರು ರಸ್ತೆ ಬಿಟ್ಟು ಯಾವ ಮಣ್ಣಿನ ದಾರಿಗೆ ತಿರುಗಿದರೂ ಅಂಗಳದ ತುಂಬ ಹಣ್ಣಡಿಕೆ. ರಾತ್ರಿಯ ಮಂಜಿಗೆ ನೆಂದ ಸಿಪ್ಪೆಯಿಂದ ಒಗರೊಗರಾದ, ತುಸು ಹುಳಿ ಬೆರೆತ ಗಾಳಿ ಏಳುತ್ತದೆ. ಬಿಸಿಲು ತೆಂಗಿನ ಮಡಲು ದಾಟಿ ಕೆಳಗಿಳಿಯುತ್ತಿದ್ದಂತೆ ಮನೆಯಾಕೆ ಬರಿಗಾಲಲ್ಲಿ ಸಾಲು ಹಿಡಿದು ನಡೆಯುತ್ತಾ ಅಡಿಕೆ ಮಗುಚುತ್ತಾಳೆ; ಗಲಗಲ ಎಂಬ ಆ ಸದ್ದು ನೆರೆಮನೆಗೂ ಕೇಳುತ್ತದೆ. ಪೇಟೆಗೆ ಬಂದರೆ ಬಂಟ್ವಾಳದ ಕಡೆಯಿಂದ ಬಂದ ಖಾಸಗಿ ಬಸ್ಸು ಕಾಲೇಜಿನ ಮಕ್ಕಳನ್ನು ಇಳಿಸಿ, ಕಂಡಕ್ಟರನ ಸೀಟಿಗೆ ಮತ್ತೆ ಹೊರಡುತ್ತದೆ. ಹೋಟೆಲಿನ ಕಾವಲಿಯ ಮೇಲೆ ನೀರುದೋಸೆಯ ಹಿಟ್ಟು ಚುಂಯ್ ಎನ್ನುತ್ತದೆ, ಬಾಣಲೆಯಲ್ಲಿ ಗೋಳಿಬಜೆ ಉರುಳುತ್ತದೆ, ಗಾಜಿನ ಲೋಟದಲ್ಲಿ ಚಾ ಹೊಗೆಯಾಡುತ್ತದೆ. ಪಕ್ಕದ ಗೋಡೆಯಲ್ಲಿ ಯಕ್ಷಗಾನ ಬಯಲಾಟದ ಪೋಸ್ಟರು. ದೀಪಾವಳಿ ಕಳೆಯಿತಲ್ಲ, ಮೇಳಗಳು ತಿರುಗಾಟಕ್ಕೆ ಹೊರಟಿವೆ.

ಮೆಡಿಕಲ್ ಅಂಗಡಿಯ ಬಾಗಿಲು ತೆರೆದು ಇನ್ನೂ ಗಳಿಗೆ ಆಗಿಲ್ಲ, ಆಗಲೇ ಇಬ್ಬರು ನಿಂತಿದ್ದಾರೆ. "ಗ್ಯಾಸ್‌ದ ಮಾತ್ರೆ ಒಂದು ಶೀಟು ಕೊಡಿ ಮಾರಾಯ್ರೆ" ಎನ್ನುತ್ತಾರೆ ಒಬ್ಬರು. ಇನ್ನೊಬ್ಬರು ಹೆಸರನ್ನೂ ಹೇಳುವುದಿಲ್ಲ, ಅಂಗಿಯ ಕಿಸೆಯಿಂದ ಖಾಲಿ ಶೀಟನ್ನೇ ತೆಗೆದು ತೋರಿಸುತ್ತಾರೆ. ಎದೆ ಉರಿ, ಹುಳಿತೇಗು, ಹೊಟ್ಟೆ ಉಬ್ಬರ, ಊಟ ಆದ ಮೇಲೆ ಮೇಲುಸಿರು, ಎಲ್ಲಕ್ಕೂ ನಮ್ಮಲ್ಲಿ ಒಂದೇ ಹೆಸರು: ಗ್ಯಾಸ್ಟ್ರಿಕ್. ಮನೆಯಲ್ಲಾದರೆ ಓಮದ ಕಷಾಯ, ಪುನರ್ಪುಳಿ ಸಾರು, ಮಜ್ಜಿಗೆಗೆ ಇಂಗು. ಅಂಗಡಿಯಲ್ಲಾದರೆ ಮಾತ್ರೆ, ಇಲ್ಲವೇ ಗುಲಾಬಿ ಬಣ್ಣದ ಸಿರಪ್ಪು. ಬಹುಪಾಲು ಹೊಟ್ಟೆಗಳಿಗೆ ಇಷ್ಟು ಸಾಕಾಗುತ್ತದೆ ಎಂಬುದೂ ನಿಜವೇ. ಆ ಉಳಿದ ಹೊಟ್ಟೆ ಯಾರದು ಎಂದು ಅಂಗಡಿಯವರಿಗೂ ಗೊತ್ತಿಲ್ಲ, ಹೊಟ್ಟೆಯ ಒಡೆಯನಿಗೂ ಗೊತ್ತಿಲ್ಲ.

ಇಲ್ಲಿನ ಸಮುದಾಯ ಆರೋಗ್ಯ ಕೇಂದ್ರದ ಕಡೆಗೆ ಹೋಗೋಣ ಬನ್ನಿ. ಬಂಟ್ವಾಳ ತಾಲೂಕಿನ ಊರಾದರೂ ವಾಮದಪದವು ಬೆಳ್ತಂಗಡಿಯ, ಮೂಡುಬಿದಿರೆಯ ಕೆಲವು ಹಳ್ಳಿಗಳಿಗೂ ಹತ್ತಿರ. ರಿಕ್ಷಾದಲ್ಲಿ, ಬೈಕಿನ ಹಿಂದೆ ಕೂತು, ನಡೆದುಕೊಂಡು ಜನ ಬರುತ್ತಾರೆ. ಚೀಟಿ ಮಾಡಿಸುವಲ್ಲಿ ಸಾಲು, ಡೆಟ್ಟಾಲಿನ ವಾಸನೆ, ಒಳಗೆಲ್ಲೋ ಚುಚ್ಚುಮದ್ದಿಗೆ ಅಳುವ ಮಗು. ಬೆಂಚಿನಲ್ಲಿ ಕೂತ ಹಿರಿಯರೊಬ್ಬರನ್ನು ನೋಡಿ. ಅರುವತ್ತರ ಆಸುಪಾಸು. ಅಡಿಕೆ ಸುಲಿದು ಸುಲಿದು ಹೆಬ್ಬೆರಳಿನ ಚರ್ಮ ಕಪ್ಪಾಗಿ ದಪ್ಪಗಟ್ಟಿದೆ. ಅಂಗಿಯ ಕಾಲರು ಕುತ್ತಿಗೆಗೆ ಸಡಿಲ. ವಾಚಿನ ಪಟ್ಟಿಗೆ ಮನೆಯಲ್ಲೇ ಹೊಸ ತೂತು ಕೊರೆದದ್ದು ಕಾಣುತ್ತದೆ. "ನುಪ್ಪು ಸೇರುಜಿ ಡಾಕ್ಟ್ರೇ" ಎನ್ನುತ್ತಾರೆ ತುಳುವಿನಲ್ಲಿ. ಅನ್ನ ಒಳಗೆ ಹೋಗುವುದಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನಿಸುತ್ತದೆ. ಎಷ್ಟು ಸಮಯವಾಯ್ತು ಎಂದರೆ, "ಮಳೆಗಾಲದಿಂದ" ಎಂದು ಮಗ ನಡುವೆ ಬಾಯಿ ಹಾಕುತ್ತಾನೆ. ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾರೆ. ಕೆಂಪಿಲ್ಲ, ಬಿಳಿಚಿದೆ. "ಮಲ ಕಪ್ಪಗೆ ಹೋಗುತ್ತದಾ ಅಣ್ಣ?" ಎಂದು ಮೆಲ್ಲಗೆ ಕೇಳುತ್ತಾರೆ. ಉತ್ತರ ಬರುವ ಮೊದಲೇ ರೆಫರಲ್ ಚೀಟಿಗೆ ಕೈ ಹೋಗಿರುತ್ತದೆ: ಮಂಗಳೂರಿಗೆ, ಎಂಡೋಸ್ಕೋಪಿಗೆ.

ಎಂಡೋಸ್ಕೋಪಿಯ ಕೋಣೆ ತಂಪು, ಸ್ವಲ್ಪ ಕತ್ತಲೆ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆ ಇಡುತ್ತಾರೆ. ಕಿರುಬೆರಳ ಗಾತ್ರದ ಕಪ್ಪು ಕೊಳವೆ ಇಳಿಯುತ್ತಿದ್ದಂತೆ ಪರದೆಯಲ್ಲಿ ಅನ್ನನಾಳದ ತೆಳುಗುಲಾಬಿ, ಆಮೇಲೆ ಜಠರದ ಒದ್ದೆ ಕೆಂಪು ಮಡಿಕೆಗಳು. ಆರೋಗ್ಯದ ಜಠರ ಹೊಳೆಯುತ್ತದೆ. ಗಾಳಿ ಊದಿದರೆ ಮಡಿಕೆಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ಕೆಲವರಲ್ಲಿ ಅಲ್ಲೊಂದು ಕಡೆ ಹೊಳಪು ಮಾಯ, ಅಂಚು ಎದ್ದ ಹುಣ್ಣು, ಮುಟ್ಟಿದರೆ ರಕ್ತ ಜಿನುಗುವ ಒರಟು ತಳ. ಕೊಳವೆಯೊಳಗಿಂದ ತಂತಿಯ ತುದಿಯ ಪುಟ್ಟ ಚಿಮಟ ಹೊರಬಂದು, ಬಾಯಿ ತೆರೆದು, ಹುಣ್ಣಿನ ಅಂಚನ್ನು ಕಚ್ಚಿ ತರುತ್ತದೆ. ಸಾಸಿವೆಗಿಂತ ತುಸು ದೊಡ್ಡ ಚೂರು. ಸಂಶಯವಿದ್ದಲ್ಲಿ ಆರರಿಂದ ಎಂಟು ಚೂರು ತೆಗೆಯುವುದು ಪದ್ಧತಿ. ಫಾರ್ಮಲಿನ್ ತುಂಬಿದ ಪುಟ್ಟ ಸೀಸೆಯ ತಳದಲ್ಲಿ ಅವು ತೇಲಾಡಿ ಕೂರುತ್ತವೆ. ಸೀಸೆಯ ಮೇಲೆ ಹೆಸರು, ನಂಬರು, ತಾರೀಕು.

ಈ ಚೂರಿನ ಪಯಣವೇ ಈ ಬರಹದ ವಿಷಯ. ಪೆಥಾಲಜಿಯ ಕೋಣೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಫಾರ್ಮಲಿನ್ನು, ಆಮೇಲೆ ಕರಗಿದ ಮೇಣ. ಚೂರಿನಲ್ಲಿದ್ದ ನೀರನ್ನು ಹಂತಹಂತವಾಗಿ ಸ್ಪಿರಿಟಿನಲ್ಲಿ ಹಿಂಗಿಸಿ, ಬಿಸಿ ಪ್ಯಾರಫಿನ್ನಿನಲ್ಲಿ ಮುಳುಗಿಸಿ, ತಣಿಸಿ ಅಚ್ಚು ಮಾಡುತ್ತಾರೆ. ಮೈಕ್ರೋಟೋಮ್ ಎಂಬ ಯಂತ್ರದ ಚಕ್ರ ತಿರುಗಿಸುವ ತಂತ್ರಜ್ಞೆಯ ಕೈ ನೋಡಬೇಕು. ಅವಸರವಿಲ್ಲ, ನಿಲುಗಡೆಯೂ ಇಲ್ಲ. ಒಂದೊಂದು ಸುತ್ತಿಗೆ ಮೇಣದ ಅಚ್ಚು ಬ್ಲೇಡನ್ನು ಸವರಿಕೊಂಡು ಇಳಿಯುತ್ತದೆ, ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳನೆಯ ಪದರ ಬಿಡಿಬಿಡಿಯಾಗದೆ ರಿಬ್ಬನ್ನಾಗಿ ಹೊರಬರುತ್ತದೆ. ಕುಂಚದ ತುದಿಯಲ್ಲಿ ಅದನ್ನೆತ್ತಿ ಬಿಸಿನೀರಿನ ತಟ್ಟೆಯ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಚ್ಚುತ್ತದೆ. ಗಾಜಿನ ಪಟ್ಟಿಯನ್ನು ಕೆಳಗಿನಿಂದ ತಂದು ಮೇಲೆತ್ತುವಾಗ ಆಕೆ ಉಸಿರು ಬಿಗಿಹಿಡಿಯುತ್ತಾಳೆ. ಆಮೇಲೆ ಬಣ್ಣ. ಹೆಮಟಾಕ್ಸಿಲಿನ್ ಜೀವಕೋಶಗಳ ಕೇಂದ್ರವನ್ನು ನೇರಳೆಯಾಗಿಸುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿಯಾಗಿಸುತ್ತದೆ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಪೆಥಾಲಜಿಸ್ಟರಿಗೆ ಮೊದಲ ನೋಟಕ್ಕೇ ಎರಡು ಬಗೆ ಕಾಣುತ್ತದೆ. ಒಂದರಲ್ಲಿ ಕೆಟ್ಟ ಕೋಶಗಳು ಇನ್ನೂ ಗುಂಪುಗೂಡಿ, ಕರುಳಿನ ಗ್ರಂಥಿಗಳನ್ನು ಹೋಲುವ ಕೊಳವೆಗಳನ್ನು ಕಟ್ಟಿಕೊಂಡಿರುತ್ತವೆ. ಇನ್ನೊಂದರಲ್ಲಿ ಯಾವ ಕೋಶವೂ ಪಕ್ಕದ ಕೋಶದ ಕೈ ಹಿಡಿದಿಲ್ಲ. ಒಂಟೊಂಟಿಯಾಗಿ ಜಠರದ ಗೋಡೆಯೊಳಗೆ ನುಸುಳಿ ಹೋಗಿವೆ. ಕೋಶದೊಳಗೆ ಲೋಳೆ ತುಂಬಿ, ಕೇಂದ್ರ ಒಂದು ಬದಿಗೆ ಒತ್ತಿ ಉಂಗುರದ ಮುದ್ರೆಯ ಆಕಾರ ತಾಳಿವೆ. ಫಿನ್ಲೆಂಡಿನ ಪೆಕ್ಕಾ ಲೌರೆನ್ 1965ರಲ್ಲಿ ಬಿಡಿಸಿ ಹೇಳಿದ ಈ ವ್ಯತ್ಯಾಸವನ್ನು ಇಂದಿಗೂ ವರದಿಗಳಲ್ಲಿ ಬರೆಯುತ್ತಾರೆ. ಒಂದೇ ಜಠರ, ಒಂದೇ ರೋಗದ ಹೆಸರು, ಆದರೂ ನಡತೆ ಬೇರೆ ಬೇರೆ. ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಜೀನುಗಳ ಆಳ್ವಿಕೆಗೆ ಬಂದು ತಲುಪುತ್ತೇವೆ.

ನಮ್ಮ ಮೈಯ ಬಹುಮಟ್ಟಿಗೆ ಪ್ರತಿ ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಸುತ್ತಿ ಮಡಚಿಟ್ಟಿದೆ, ಅದರಲ್ಲಿ ಪ್ರೊಟೀನು ಮಾಡಿಸುವ ಜೀನುಗಳು ಸುಮಾರು 20,000. ಕಣ್ಣಿನ ಕೋಶಕ್ಕೂ ಅದೇ, ಕರುಳಿನ ಕೋಶಕ್ಕೂ ಅದೇ, ಜಠರದ ಕೋಶಕ್ಕೂ ಅದೇ. ಆ ಪೋಸ್ಟರಿನ ಬಯಲಾಟವನ್ನು ನೆನೆಯಿರಿ. ವೇಷ ಕಟ್ಟುವ ಚೌಕಿಯಲ್ಲಿ ರಾಜವೇಷ, ಸ್ತ್ರೀವೇಷ, ಬಣ್ಣದ ವೇಷ ಎಲ್ಲವೂ ಗೆಜ್ಜೆ ಕಟ್ಟಿ ಕೂತಿರುತ್ತವೆ. ಆದರೆ ಯಾವ ವೇಷ, ಯಾವ ಹೊತ್ತಿಗೆ, ಎಷ್ಟು ಹೊತ್ತು ರಂಗಸ್ಥಳದಲ್ಲಿರಬೇಕು ಎಂಬುದು ಹಾಡಿ ಆಟ ನಡೆಸುವ ಭಾಗವತರ ಪದದಲ್ಲಿದೆ. ಪದ ಎತ್ತಿದರೆ ವೇಷ ಬರುತ್ತದೆ, ಪದ ಮುಗಿದರೆ ಚೌಕಿಗೆ ಮರಳುತ್ತದೆ. ಜೀನುಗಳಿಗೂ ಇಂಥ ಭಾಗವತಿಕೆ ಇದೆ. ಜಠರದ ಕೋಶದಲ್ಲಿ ಆಮ್ಲ, ಲೋಳೆ, ಪೆಪ್ಸಿನ್ ಮಾಡುವ ಜೀನುಗಳಿಗೆ ಕರೆ. ಕರುಳಿನ ಜೀನುಗಳಿಗೆ ಚೌಕಿಯಲ್ಲೇ ಕೂರುವ ಅಪ್ಪಣೆ. ಪ್ರಸಂಗದ ಪುಸ್ತಕದ ಒಂದಕ್ಷರ ಕೆಡದಿದ್ದರೂ ಪದ ತಪ್ಪಿದರೆ ಆಟ ಕೆಡುತ್ತದೆ. ಜಠರದ ಕ್ಯಾನ್ಸರಿನಲ್ಲಿ ಪುಸ್ತಕದ ಅಕ್ಷರ ಅಳಿಸುವುದೂ ಇದೆ, ಪದ ತಪ್ಪುವುದೂ ಇದೆ. ಎರಡನೆಯದು ಎಷ್ಟು ದೊಡ್ಡದು ಎಂಬುದು ಈಚಿನ ಮೂರು ದಶಕಗಳಲ್ಲಿ ಬೆಳಕಿಗೆ ಬಂತು.

ಪದ ತಪ್ಪಿಸುವ ಮೊದಲಿಗ ಒಂದು ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದ ಲೋಳೆಯೊಳಗೆ ವಾಸಿಸುವ, ಸುರುಳಿಯಾಕಾರದ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತ ತಂದುಕೊಂಡರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ಮೊದಲ ದರ್ಜೆಯ ಕಾರಣಗಳ ಸಾಲಿಗೆ ಸೇರಿಸಿತು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡವರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಬಹುಮಂದಿಗೆ ಚಿಕ್ಕಂದಿನಲ್ಲೇ ಅಂಟಿರುತ್ತದೆ. ಗಾಬರಿ ಬೇಡ, ಸೋಂಕು ತಗುಲಿದ ನೂರರಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ ಅದು ಕ್ಯಾನ್ಸರ್ ಆಗುವುದು. ಆದರೆ ಆ ಕೆಲವರ ಜಠರದಲ್ಲಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಏನು ನಡೆಯುತ್ತದೆ ಎಂಬುದು ಕಣ್ಣಿಗೆ ಕಟ್ಟುವ ಕಥೆ.

ಮೊದಲು ಉರಿಯೂತ. ಆಮೇಲೆ ಆಮ್ಲ ಮಾಡುವ ಗ್ರಂಥಿಗಳು ಸೊರಗುತ್ತವೆ. ಅದಾದ ಮೇಲೆ ಜಠರದ ಗೋಡೆಯಲ್ಲಿ ಅಲ್ಲಲ್ಲಿ ಕರುಳಿನ ಕೋಶಗಳು ಕಾಣಿಸಿಕೊಳ್ಳುತ್ತವೆ. ಎಲ್ಲಿಂದಲೋ ಬಂದವಲ್ಲ, ಜಠರದ ಕೋಶವೇ ಕರುಳಿನ ರೂಪ ತಾಳಿದ್ದು. ಇದರ ಹಿಂದೆ ಇರುವುದು ಸಿಡಿಎಕ್ಸ್2 ಎಂಬ ಜೀನು. ಕರುಳನ್ನು ಕರುಳಾಗಿಸುವ ಈ ಜೀನು ಜಠರದಲ್ಲಿ ಸುಮ್ಮನಿರಬೇಕಾದದ್ದು. 2002ರಲ್ಲಿ ಅಮೆರಿಕದ ಮತ್ತು ಜಪಾನಿನ ವಿಜ್ಞಾನಿಗಳು ಬೇರೆ ಬೇರೆಯಾಗಿ ಇಲಿಗಳ ಜಠರದಲ್ಲಿ ಈ ಒಂದು ಜೀನನ್ನು ಎಬ್ಬಿಸಿದಾಗ ಅಲ್ಲಿ ಕರುಳಿನ ಪದರವೇ ಬೆಳೆಯಿತು. ಕೊಲಂಬಿಯಾದ ಪೆಲಾಯೊ ಕೊರಿಯಾ 1975ರಲ್ಲೇ ಈ ಮೆಟ್ಟಿಲುಗಳನ್ನು ಗುರುತಿಸಿದ್ದರು: ಉರಿಯೂತ, ಸೊರಗು, ಕರುಳಿನ ರೂಪ, ಕೋಶಗಳ ಅಸ್ತವ್ಯಸ್ತ ಬೆಳವಣಿಗೆ, ಕೊನೆಗೆ ಕ್ಯಾನ್ಸರ್. ಎಲ್ಲರೂ ಕೊನೆಯ ಮೆಟ್ಟಿಲು ಹತ್ತುವುದಿಲ್ಲ. ಅನೇಕರು ಎರಡನೆಯದರಲ್ಲೇ ನಿಂತು ಆಯುಸ್ಸು ಪೂರೈಸುತ್ತಾರೆ.

ಜೀನನ್ನು ಸುಮ್ಮನಾಗಿಸುವ ಉಪಾಯಗಳಲ್ಲಿ ಒಂದು ಬಲು ಚಿಕ್ಕದು. ಒಂದು ಇಂಗಾಲ, ಮೂರು ಜಲಜನಕದ ಪರಮಾಣುಗಳ ಮಿಥೈಲ್ ಎಂಬ ಗುಂಪು ಜೀನಿನ ಮುಂಬಾಗಿಲಲ್ಲಿ ಡಿಎನ್‌ಎಗೆ ಸಾಲಾಗಿ ಅಂಟಿಕೊಂಡರೆ ಸಾಕು, ಆ ಜೀನನ್ನು ಓದುವವರು ಹಿಂದಿರುಗುತ್ತಾರೆ. ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ತೊಶಿಕಾಜು ಉಶಿಜಿಮಾ ಅವರ ಬಳಗ 2006ರಲ್ಲಿ ಪ್ರಕಟಿಸಿದ ಕೆಲಸ ನನಗೆ ಈ ಇಡೀ ಕಥೆಯಲ್ಲೇ ಬಹಳ ಮುಖ್ಯವೆನಿಸುತ್ತದೆ. ಪೈಲೋರಿ ಇರುವ, ಕ್ಯಾನ್ಸರ್ ಇನ್ನೂ ಇಲ್ಲದ ಜಠರದ ಪದರದಲ್ಲೂ ಈ ಮಿಥೈಲ್ ಗುರುತುಗಳು ಬಹಳ ಹೆಚ್ಚಾಗಿದ್ದವು. ಅಂದರೆ ಗಡ್ಡೆ ಏಳುವ ಮೊದಲೇ ನೆಲ ಕೆಟ್ಟಿರುತ್ತದೆ. ಪೈಲೋರಿಯನ್ನು ಮದ್ದಿನಿಂದ ಓಡಿಸಿದ ಮೇಲೆ ಗುರುತುಗಳು ತಗ್ಗುತ್ತವೆ, ಪೂರ್ತಿ ಹೋಗುವುದಿಲ್ಲ. ಅಕ್ಷರ ಅಳಿಸಿದರೆ ಮತ್ತೆ ಬರೆಯಲು ಬರುವುದಿಲ್ಲ, ತಪ್ಪಿದ ಪದವನ್ನು ಒಂದಿಷ್ಟಾದರೂ ತಿದ್ದಬಹುದು ಎಂಬ ಸಮಾಧಾನ ಇದರಲ್ಲಿದೆ.

ಈಗ ಉಪ್ಪಿನ ಮಾತು. ನಮ್ಮ ಕಡೆಯ ಮನೆಗಳ ಅಟ್ಟ, ಉಗ್ರಾಣ ನೆನಪಿಸಿಕೊಳ್ಳಿ. ಮಳೆಗಾಲಕ್ಕೆಂದು ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ, ಹಲಸಿನ ತೊಳೆಯ ಉಪ್ಪಾಡ್ ಪಚ್ಚಿಲ್, ಪತ್ರಿಕೆಯಲ್ಲಿ ಸುತ್ತಿ ಬೆಂಕಿಯ ಹೊಗೆ ತಾಗುವಲ್ಲಿ ತೂಗಿಸಿದ ಒಣಮೀನು. ಆಷಾಢದ ರಾತ್ರಿ ಕುಚ್ಚಲಕ್ಕಿ ಗಂಜಿಯ ಜೊತೆ ಕೆಂಡದಲ್ಲಿ ಸುಟ್ಟ ಒಂದು ತುಂಡು ಉಪ್ಪುಮೀನು ಸಿಕ್ಕರೆ ಮತ್ತೇನೂ ಬೇಡ. ಆ ರುಚಿಯನ್ನು ಯಾರೂ ಕಸಿದುಕೊಳ್ಳಬೇಕಾಗಿಲ್ಲ. ಆದರೆ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು 2007ರಲ್ಲಿ ಕಂಡದ್ದನ್ನು ಕೇಳಿ. ಪೈಲೋರಿಯನ್ನು ಉಪ್ಪು ಹೆಚ್ಚಿರುವ ದ್ರಾವಣದಲ್ಲಿ ಬೆಳೆಸಿದಾಗ ಅದರ ಕೆಲವು ತಳಿಗಳಲ್ಲಿ ಸಿಎಜಿಎ ಎಂಬ ಜೀನು ಇನ್ನಷ್ಟು ಜೋರಾಗಿ ಕೆಲಸ ಮಾಡಿತು. ಈ ಜೀನಿನಿಂದ ಬರುವ ಪ್ರೊಟೀನನ್ನೇ ಬ್ಯಾಕ್ಟೀರಿಯಾ ಸೂಜಿಯಂಥ ನಳಿಕೆಯಿಂದ ನಮ್ಮ ಜಠರದ ಕೋಶಗಳೊಳಗೆ ತೂರುವುದು; ಕೋಶದ ಬೆಳವಣಿಗೆಯ ಲೆಕ್ಕಾಚಾರ ತಪ್ಪಿಸುವುದೂ ಅದೇ. 2013ರಲ್ಲಿ ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಗಳಿಗೆ ಈ ಸೋಂಕು ತಗುಲಿಸಿ ನೋಡಿದಾಗ, ಉಪ್ಪು ಹೆಚ್ಚಿಸಿದ ಆಹಾರ ತಿಂದವುಗಳಲ್ಲಿ ಕ್ಯಾನ್ಸರ್ ಹೆಚ್ಚು ಬಂತು. ಉಪ್ಪು ಜಠರದ ಪದರವನ್ನು ಕೆರಳಿಸುವುದಷ್ಟೇ ಅಲ್ಲದೆ, ಒಳಗೆ ಕೂತ ಬ್ಯಾಕ್ಟೀರಿಯಾದ ಜೀನಿಗೂ ಕುಮ್ಮಕ್ಕು ಕೊಡುತ್ತದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಿಕ್ಕ ಚಮಚದೊಳಗೆ ಉಪ್ಪು ನಿಲ್ಲಿಸಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ರಕ್ತದೊತ್ತಡಕ್ಕಾಗಿ ಹೇಳಿದ್ದಾದರೂ ಜಠರಕ್ಕೂ ಒಳ್ಳೆಯದೇ. ಬೀಡಿ ಸಿಗರೇಟಿನ ಅಪಾಯವಂತೂ ಸಂಶಯಕ್ಕೆಡೆಯಿಲ್ಲದೆ ಸಾಬೀತಾಗಿದೆ.

ಮತ್ತೆ ಲ್ಯಾಬಿಗೆ ಬರೋಣ, ಗಾಜಿನ ಪಟ್ಟಿ ಕಾಯುತ್ತಿದೆ. ನೇರಳೆ ಗುಲಾಬಿಯ ಚಿತ್ರದಲ್ಲಿ ಕ್ಯಾನ್ಸರ್ ಇದೆಯೇ ಎಂದು ತಿಳಿಯುತ್ತದೆ. ಯಾವ ಜೀನಿನ ದನಿ ಏರಿದೆ, ಯಾವುದರದ್ದು ಅಡಗಿದೆ ಎಂದು ತಿಳಿಯಲು ಇನ್ನೊಂದು ಬಣ್ಣ ಬೇಕು. ಅದೇ ಚೂರಿನ ಹೊಸ ಪದರಗಳ ಮೇಲೆ, ಒಂದೊಂದು ಪ್ರೊಟೀನನ್ನೇ ಹುಡುಕಿ ಹಿಡಿಯುವ ಆಂಟಿಬಾಡಿ ಹನಿಸುತ್ತಾರೆ. ಪ್ರೊಟೀನು ಇದ್ದಲ್ಲಿ ಕಂದು ಬಣ್ಣ ಮೂಡುತ್ತದೆ. ಎಚ್‌ಇಆರ್2 ಎಂಬ ಪ್ರೊಟೀನಿಗೆ ಹನಿಸಿದಾಗ ಕೆಲವರ ಚೂರಿನಲ್ಲಿ ಕೋಶಗಳ ಗಡಿ ದಟ್ಟ ಕಂದಾಗುತ್ತದೆ. ಬೆಳೆ ಬೆಳೆ ಎಂಬ ಕೂಗನ್ನು ಕೋಶದೊಳಗೆ ಮುಟ್ಟಿಸುವ ಈ ಪ್ರೊಟೀನು ಅಳತೆ ಮೀರಿ ತಯಾರಾಗಿದೆ ಎಂದರ್ಥ. ಜಠರ ಕ್ಯಾನ್ಸರಿನ ಸುಮಾರು ಐದರಲ್ಲಿ ಒಂದರಲ್ಲಿ ಹೀಗೆ ಕಾಣುತ್ತದೆ. ಇಂಥವರಲ್ಲಿ ರೋಗ ಹಬ್ಬಿದ್ದ 594 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಿಮೊಥೆರಪಿಯ ಜೊತೆ ಆ ಪ್ರೊಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಮದ್ದು ಕೊಟ್ಟಾಗ ಬದುಕಿನ ಮಧ್ಯಮ ಅವಧಿ 11.1 ತಿಂಗಳಿಂದ 13.8 ತಿಂಗಳಿಗೆ ಏರಿತು. ಎರಡೂ ಮುಕ್ಕಾಲು ತಿಂಗಳು ಎಂದರೆ ಕೇಳುವವರಿಗೆ ಸಣ್ಣದು; ಮಗಳ ಮದುವೆಯ ದಿನ ಗೊತ್ತಾದ ಮನೆಗೆ ಅದು ಸಣ್ಣದಲ್ಲ.

ಇನ್ನೊಂದು ಪಟ್ಟಿಯಲ್ಲಿ ಎಂಎಲ್‌ಎಚ್1 ಎಂಬ ಪ್ರೊಟೀನಿಗೆ ಹನಿಸುತ್ತಾರೆ. ಡಿಎನ್‌ಎ ನಕಲಾಗುವಾಗ ಬೀಳುವ ತಪ್ಪುಗಳನ್ನು ತಿದ್ದುವ ಕೆಲಸ ಅದರದ್ದು. ಇಲ್ಲಿ ಕಂದು ಬರಬೇಕು, ಬಾರದಿದ್ದರೆ ತೊಂದರೆ. ಇಂಥ ಜಠರ ಕ್ಯಾನ್ಸರುಗಳಲ್ಲಿ ಬಹುಪಾಲು ಆ ಜೀನು ಮುರಿದಿರುವುದಿಲ್ಲ. ಮುಂಬಾಗಿಲಿಗೆ ಮಿಥೈಲ್ ಅಂಟಿ ದನಿ ಅಡಗಿರುತ್ತದೆ. ತಿದ್ದುವವರಿಲ್ಲದೆ ತಪ್ಪುಗಳು ರಾಶಿ ಬೀಳುತ್ತವೆ. ವಿಚಿತ್ರವೆಂದರೆ ಇದೇ ರೋಗಿಗೆ ಅನುಕೂಲವೂ ಆಗುತ್ತದೆ. ಅಷ್ಟೊಂದು ತಪ್ಪು ಪ್ರೊಟೀನುಗಳನ್ನು ಹೊತ್ತ ಗಡ್ಡೆಯನ್ನು ಮೈಯ ರಕ್ಷಣಾ ಕೋಶಗಳು ಪರಕೀಯವೆಂದು ಗುರುತಿಸುತ್ತವೆ. ಹಾಗಾಗಿ ಈ ಬಗೆಯವರ ಮುನ್ನೋಟ ಉಳಿದವರಿಗಿಂತ ಚೆನ್ನ, ರಕ್ಷಣಾ ಕೋಶಗಳ ಕಟ್ಟು ಬಿಚ್ಚುವ ಇಮ್ಯುನೊಥೆರಪಿಯೂ ಇವರಲ್ಲಿ ಹೆಚ್ಚು ಫಲಿಸುತ್ತದೆ.

ಒಂಟೊಂಟಿ ಕೋಶಗಳ ಆ ಎರಡನೆಯ ಬಗೆಯಲ್ಲಿ ಕಾಣೆಯಾಗುವುದು ಇ-ಕ್ಯಾಡ್‌ಹೆರಿನ್, ಕೋಶವನ್ನು ಕೋಶಕ್ಕೆ ಬೆಸೆಯುವ ಪ್ರೊಟೀನು. ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಎಳೆಯ ವಯಸ್ಸಿನವರೂ ಜಠರ ಕ್ಯಾನ್ಸರಿಗೆ ಬಲಿಯಾಗುತ್ತಿದ್ದರು. ಆ ಮನೆಯವರೇ ವಿಜ್ಞಾನಿಗಳ ಬಾಗಿಲು ತಟ್ಟಿದ ಮೇಲೆ, 1998ರಲ್ಲಿ ಪ್ಯಾರಿ ಗಿಲ್ಫರ್ಡ್ ಮತ್ತು ಸಂಗಡಿಗರು ಸಿಡಿಎಚ್1 ಎಂಬ ಜೀನಿನ ದೋಷವನ್ನು ಕಂಡುಹಿಡಿದರು. ಹುಟ್ಟಿನಿಂದ ಬರುವ ಇಂಥ ದೋಷ ಅಪರೂಪ. ಹೆಚ್ಚಿನವರಲ್ಲಿ ಅದು ಜಠರದ ಕೋಶದಲ್ಲೇ ಆಮೇಲೆ ಕೆಟ್ಟದ್ದು, ಇಲ್ಲವೇ ಮಿಥೈಲ್ ಅಂಟಿ ಸುಮ್ಮನಾದದ್ದು. ಬೆಸುಗೆ ಬಿಟ್ಟ ಕೋಶ ಅಲೆಮಾರಿಯಾಗುತ್ತದೆ, ಹೊಟ್ಟೆಯ ಪೊರೆಯುದ್ದಕ್ಕೂ ಹರಡುತ್ತದೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಶಸ್ತ್ರಚಿಕಿತ್ಸೆಯಾದ 300 ಗಡ್ಡೆಗಳ ಜೀನುಗಳ ಏರಿಳಿತ ಅಳೆದು 2015ರಲ್ಲಿ ನಾಲ್ಕು ಗುಂಪು ಮಾಡಿದಾಗ, ಹೀಗೆ ಅಲೆಮಾರಿಯಾದ ಗುಂಪಿನವರ ಆಯುಸ್ಸು ಎಲ್ಲರಿಗಿಂತ ಕಡಿಮೆ ಇತ್ತು, ರೋಗ ಮರಳಿದ್ದೂ ಅವರಲ್ಲೇ ಹೆಚ್ಚು. ತಿದ್ದುವ ಜೀನು ಅಡಗಿದ ಗುಂಪಿನವರು ಎಲ್ಲರಿಗಿಂತ ಹೆಚ್ಚು ಬದುಕಿದ್ದರು. ಅದಕ್ಕೆ ಹಿಂದಿನ ವರ್ಷ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯವರು 295 ಗಡ್ಡೆಗಳನ್ನು ಶೋಧಿಸಿ ಮಾಡಿದ ನಾಲ್ಕು ಗುಂಪುಗಳಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಹೊಕ್ಕ ಗುಂಪೂ ಒಂದು. ಶೇಕಡಾ ಸುಮಾರು 9 ಗಡ್ಡೆಗಳು ಆ ಬಗೆಯವು, ಮಿಥೈಲ್ ಗುರುತು ಅತಿ ಹೆಚ್ಚು ಕಂಡದ್ದೂ ಅವುಗಳಲ್ಲೇ.

ಇದೆಲ್ಲ ಹೊರದೇಶದ ಸಂಗತಿ ಎಂದುಕೊಳ್ಳಬೇಡಿ. ಅಖಿಲೇಶ್ ಪಾಂಡೆ 2002ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ವಿಜ್ಞಾನಿಗಳು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರ ಜೊತೆ ಸೇರಿ ಜಠರದ ಗಡ್ಡೆಯನ್ನೂ ಅದರ ಪಕ್ಕದ ಆರೋಗ್ಯದ ಭಾಗವನ್ನೂ ಹೋಲಿಸಿ ಸಾವಿರಾರು ಪ್ರೊಟೀನುಗಳನ್ನು ತೂಗಿ ನೋಡಿದರು. ಸಾಮಾನ್ಯವಾಗಿ ಮಿದುಳಿನಲ್ಲಿ ಹೆಚ್ಚು ಕೆಲಸ ಮಾಡುವ ಸಿಎಎಂಕೆಕೆ2 ಎಂಬ ಪ್ರೊಟೀನು ಗಡ್ಡೆಯಲ್ಲಿ ಮಿತಿ ಮೀರಿತ್ತು. ಲ್ಯಾಬಿನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಅದನ್ನು ತಡೆದಾಗ ಅವುಗಳ ಬೆಳವಣಿಗೆಯೂ ನುಗ್ಗುವ ಗುಣವೂ ತಗ್ಗಿತು. 2015ರಲ್ಲಿ ಪ್ರಕಟವಾದ ಈ ಕೆಲಸ ಇನ್ನೂ ಮದ್ದಾಗಿ ರೋಗಿಯ ಕೈಗೆ ಬಂದಿಲ್ಲ. ಆದರೆ ಮದ್ದಿಗೆ ಗುರಿ ಎಲ್ಲಿಡಬೇಕೆಂದು ತೋರಿಸಿದವರು ನಮ್ಮವರು, ತೋರಿಸಲು ತಮ್ಮ ಜಠರದ ಚೂರು ಕೊಟ್ಟವರೂ ನಮ್ಮ ಜನರೇ. ಆ ಸಂಸ್ಥೆಯಲ್ಲಿ ದುಡಿದ ಕೆಲವರು ಈಗ ಇದೇ ದಕ್ಷಿಣ ಕನ್ನಡದ ದೇರಳಕಟ್ಟೆಯ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆ ಮುಂದುವರಿಸಿದ್ದಾರೆ. ವಾಮದಪದವಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವ ಜಾಗ ಅದು.

ರೋಗಿಯ ಮನೆಯವರು ವರದಿ ಹಿಡಿದು ಕೇಳುವುದು ಒಂದೇ ಪ್ರಶ್ನೆ: "ಗುಣ ಆಗ್ತದಾ ಡಾಕ್ಟ್ರೇ?" ಇಷ್ಟೆಲ್ಲ ಜೀನುಗಳ ಕಥೆ ಹೇಳಿದ ಮೇಲೂ ನಾನು ಮೊದಲು ಹೇಳಬೇಕಾದದ್ದು ಹಳೆಯ ಮಾತನ್ನೇ. ಮುನ್ನೋಟವನ್ನು ನಿರ್ಧರಿಸುವ ದೊಡ್ಡ ಸಂಗತಿ ಈಗಲೂ ರೋಗ ಯಾವ ಹಂತದಲ್ಲಿ ಸಿಕ್ಕಿತು ಎಂಬುದೇ. ಜಠರದ ಒಳಪದರದಲ್ಲೇ ಇರುವಾಗ ಹಿಡಿದರೆ, ತಪಾಸಣೆ ರೂಢಿಯಾಗಿರುವ ಜಪಾನಿನಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವಾಗ ರೋಗ ಗೋಡೆ ದಾಟಿರುತ್ತದೆ. 2020ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 60,000 ಮಂದಿಗೆ ಹೊಸದಾಗಿ ಜಠರ ಕ್ಯಾನ್ಸರ್ ಬಂತು, ಸುಮಾರು 53,000 ಮಂದಿ ತೀರಿಕೊಂಡರು. ಈ ಎರಡು ಸಂಖ್ಯೆಗಳ ನಡುವೆ ಇರುವ ಅಂತರ ಎಷ್ಟು ಕಡಿಮೆ ನೋಡಿ. ಅದಕ್ಕೆ ಜೀನುಗಳನ್ನು ಮಾತ್ರ ದೂರುವಂತಿಲ್ಲ. ಮಳೆಗಾಲದಿಂದ ಚಳಿಗಾಲದವರೆಗೆ ನುಂಗಿದ ಗ್ಯಾಸಿನ ಮಾತ್ರೆಯ ಶೀಟುಗಳ ಪಾಲೂ ಅದರಲ್ಲಿದೆ. ಆಮ್ಲ ತಗ್ಗಿಸುವ ಮಾತ್ರೆ ಕ್ಯಾನ್ಸರಿನ ಹುಣ್ಣಿನ ಉರಿಯನ್ನೂ ಕೆಲಕಾಲ ತಣಿಸುತ್ತದೆ, ಹುಣ್ಣು ಮಾತ್ರ ಒಳಗೆ ಬೆಳೆಯುತ್ತಲೇ ಇರುತ್ತದೆ.

ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಅಣ್ಣನಿಗೋ ಈ ರೋಗ ಬಂದಿದ್ದರೆ ನಿಮ್ಮ ಹೊಟ್ಟೆಯಲ್ಲಿ ಪೈಲೋರಿ ಇದೆಯೇ ಎಂದು ನೋಡಿಸಿಕೊಳ್ಳಿ. ಅಂಥದೇ ಮನೆಗಳ 1,676 ಮಂದಿಯನ್ನು ಕೊರಿಯಾದಲ್ಲಿ ಒಂಬತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 2020ರಲ್ಲಿ ಫಲ ಪ್ರಕಟಿಸಿದರು: ಪೈಲೋರಿಗೆ ಮದ್ದು ಪಡೆದವರಲ್ಲಿ ಶೇಕಡಾ 1.2 ಮಂದಿಗೆ, ಪಡೆಯದವರಲ್ಲಿ ಶೇಕಡಾ 2.7 ಮಂದಿಗೆ ಜಠರ ಕ್ಯಾನ್ಸರ್ ಬಂದಿತ್ತು. ಆ ಮದ್ದು ಒಂದೆರಡು ವಾರದ ಆಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ, ಅಷ್ಟೇ. ನಡುವೆ ಬಿಡದೆ ಪೂರ್ತಿ ಮುಗಿಸಬೇಕು.

ನಲವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ಎರಡು ಮೂರು ವಾರದ ಮಾತ್ರೆಗೆ ಬಗ್ಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಕಬ್ಬಿಣದ ಮಾತ್ರೆ ತಿನ್ನದೆಯೂ ಮಲ ಡಾಮರಿನಷ್ಟು ಕಪ್ಪಾದರೆ ಮೆಡಿಕಲ್ ಅಂಗಡಿಗೆ ಹೋಗಬೇಡಿ, ಡಾಕ್ಟರಲ್ಲಿಗೆ ಹೋಗಿ ಎಂಡೋಸ್ಕೋಪಿ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಎಚ್‌ಇಆರ್2 ಪರೀಕ್ಷೆಯನ್ನೂ ತಿದ್ದುವ ಜೀನಿನ ಎಂಎಂಆರ್ ಪರೀಕ್ಷೆಯನ್ನೂ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ. ಮದ್ದಿನ ಆಯ್ಕೆ ಅದರ ಮೇಲೆ ನಿಂತಿದೆ. ವರದಿಯ ಕಾಗದ ಜೋಪಾನ ಮಾಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ಆದ್ದರಿಂದ ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೇ ಹೋಗಿ.